ಸ್ಪೇನಿನ ಚಾಕೊಲೇಟ್ ತುರ್ರೋನ್: ಮನೆಯಲ್ಲಿ ಮಾಡುವ ಬಗೆ

(ನಮ್ಮ ಬ್ಲಾಕಿನ ರೈತರು ಮತ್ತು ಮಹಿಳಾ ಮಂಡಲದ ಸದಸ್ಯರು ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣ)



ಅಡಿಕೆ ಮತ್ತು ತೆಂಗಿನ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುವವರು ಈ ಕೂಟದಲ್ಲಿ ಅನೇಕರಿದ್ದೀರಿ. ಕಾಯಿ ಕೊಯ್ದು, ಒಡೆದು, ಹಸಿ ಬೀಜವನ್ನು ಚೀಲಕ್ಕೆ ತುಂಬಿ ಮಾರಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆ ಬೀಜ ಮುಂದೆ ಏನಾಗುತ್ತದೆಂದು ವಿಚಾರಿಸುವವರು ಕಡಿಮೆ. ಅದೇ ನಮ್ಮ ಮಕ್ಕಳು ಪೇಟೆಯಲ್ಲಿ ಚಾಕೊಲೇಟ್ ಕೇಳಿದಾಗ, ಮೇಲಿನ ಕಾಗದದ ಹೊಳಪನ್ನು ನೋಡಿ ದುಡ್ಡು ಕೊಟ್ಟು ಬರುತ್ತೇವೆ. ಕಾಗದದ ಒಳಗಿರುವುದು ನಮ್ಮ ಬೆಳೆಯೋ, ಬೇರೆ ಯಾವುದೋ ಕೊಬ್ಬೋ ನಮಗೆ ತಿಳಿಯದು. ತನ್ನ ಬೆಳೆಯ ಕೊನೆಯ ರೂಪವನ್ನು ಅರಿಯದ ರೈತ ಅದರ ಬೆಲೆಯನ್ನೂ ಸರಿಯಾಗಿ ಅರಿಯಲಾರ. ಆದುದರಿಂದ ಇಂದು ಸ್ಪೇನ್ ದೇಶದ ಮನೆಗಳಲ್ಲಿ ಮಾಡುವ ಒಂದು ಚಾಕೊಲೇಟ್ ತಿಂಡಿಯ ವಿಚಾರವನ್ನು ತಮ್ಮ ಮುಂದೆ ಇಡುತ್ತೇನೆ.

ಈ ತಿಂಡಿಯ ಹೆಸರು ತುರ್ರೋನ್. ಸ್ಪೇನಿನಲ್ಲಿ ಕ್ರಿಸ್ಮಸ್ ಬಂತೆಂದರೆ ತುರ್ರೋನ್ ಇಲ್ಲದ ಮನೆ ಅಪರೂಪ. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಹೇಗೋ, ಅಲ್ಲಿ ಆ ಹಬ್ಬಕ್ಕೆ ಇದು ಹಾಗೆ. ಡಿಸೆಂಬರ್ 24ರ ರಾತ್ರಿಯ ಊಟದಿಂದ ಹಿಡಿದು ಜನವರಿ 6ರ ಮೂವರು ರಾಜರ ಹಬ್ಬದವರೆಗೆ, ಬಂದ ನೆಂಟರಿಗೆಲ್ಲ ಇದನ್ನು ತೆಳುವಾಗಿ ಕೊಯ್ದು ತಟ್ಟೆಯಲ್ಲಿಟ್ಟು ಕೊಡುತ್ತಾರೆ.

ಮೂಲ ತುರ್ರೋನಿನಲ್ಲಿ ಚಾಕೊಲೇಟ್ ಇಲ್ಲ. ಅದು ಹುರಿದ ಬಾದಾಮಿ, ಜೇನುತುಪ್ಪ, ಸಕ್ಕರೆ ಮತ್ತು ಮೊಟ್ಟೆಯ ಬಿಳಿ ಸೇರಿಸಿ ಮಾಡುವ ತಿಂಡಿ. ದೇಶದ ಪೂರ್ವ ಭಾಗದ ಅಲಿಕಾಂತೆ ಪ್ರಾಂತ್ಯ ಇದರ ತವರು. ಅಲಿಕಾಂತೆಯ ಬಗೆ ಗಟ್ಟಿ. ಇಡೀ ಬಾದಾಮಿ ಹಲ್ಲಿಗೆ ಸಿಗುತ್ತದೆ. ಹತ್ತಿರದ ಹಿಹೋನಾ ಎಂಬ ಊರಿನ ಬಗೆ ಮೃದು. ಅದರಲ್ಲಿ ಬಾದಾಮಿಯನ್ನು ಅರೆದಿರುತ್ತಾರೆ. ಈ ಎರಡು ಹೆಸರುಗಳಿಗೂ ಯುರೋಪಿನ ಕಾನೂನು 1996ರಿಂದ ರಕ್ಷಣೆ ಕೊಟ್ಟಿದೆ. ಮೇಲ್ದರ್ಜೆಯ ಹಿಹೋನಾ ತುರ್ರೋನಿನಲ್ಲಿ ನೂರಕ್ಕೆ 64 ಪಾಲು, ಅಲಿಕಾಂತೆಯದರಲ್ಲಿ ನೂರಕ್ಕೆ 60 ಪಾಲು ಬಾದಾಮಿ ಇರಲೇಬೇಕು. ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಅಂಟಿಸಿ ಮಾರುವಂತಿಲ್ಲ. ನಮ್ಮ ಧಾರವಾಡದ ಪೇಡೆಗೂ ಇಂಥದೇ ಭೌಗೋಳಿಕ ಗುರುತು ದೊರೆತಿದೆ. ಊರಿನ ಹೆಸರಿಗೆ ಬೆಲೆ ಬಂದರೆ ಆ ಊರಿನ ಬೆಳೆಗೂ ಬೆಲೆ ಬರುತ್ತದೆಂಬುದನ್ನು ನಾವು ಗಮನಿಸಬೇಕು.

ಚಾಕೊಲೇಟ್ ತುರ್ರೋನ್ ಇದಕ್ಕಿಂತ ಈಚಿನದು. ಸ್ಪೇನಿನವರು 1519ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋದಾಗ, ಅಲ್ಲಿಯ ಜನ ಕೋಕೋ ಬೀಜವನ್ನು ಅರೆದು, ಮೆಣಸಿನಕಾಯಿ ಸೇರಿಸಿ, ಸಿಹಿ ಇಲ್ಲದ ಪಾನಕದಂತೆ ಕುಡಿಯುತ್ತಿದ್ದರು. ಬೀಜವನ್ನೇ ನಾಣ್ಯದ ಹಾಗೆ ಚಲಾಯಿಸುತ್ತಲೂ ಇದ್ದರು. ಸ್ಪೇನಿನವರು ಅದಕ್ಕೆ ಸಕ್ಕರೆ, ದಾಲ್ಚಿನ್ನಿ ಸೇರಿಸಿ ಬಿಸಿಯಾಗಿ ಕುಡಿಯತೊಡಗಿದರು. ಬಹುಕಾಲ ಯುರೋಪಿನಲ್ಲಿ ಚಾಕೊಲೇಟ್ ಎಂದರೆ ಕುಡಿಯುವ ಪದಾರ್ಥವೇ. ಅಚ್ಚಿಗೆ ಹಾಕಿ ತಿನ್ನುವ ಗಟ್ಟಿ ಚಾಕೊಲೇಟನ್ನು ಇಂಗ್ಲೆಂಡಿನ ಫ್ರೈ ಕಂಪನಿ 1847ರಲ್ಲಿ ತಯಾರಿಸಿತು. ಇಂಥ ಗಟ್ಟಿ ಚಾಕೊಲೇಟ್ ಬಳಕೆಗೆ ಬಂದ ಮೇಲೆಯೇ ತುರ್ರೋನಿಗೂ ಅದು ಸೇರಿತು. ಇಂದು ಸ್ಪೇನಿನ ಮಕ್ಕಳಿಗೆ ಬಹಳ ಪ್ರಿಯವಾದುದು ಚಾಕೊಲೇಟಿನಲ್ಲಿ ಉಬ್ಬಿದ ಅಕ್ಕಿ ಬೆರೆಸಿದ ತುರ್ರೋನ್. ಉಬ್ಬಿದ ಅಕ್ಕಿಯೆಂದರೆ ನಮ್ಮ ಮಂಡಕ್ಕಿಯ ಬಳಗದ್ದೇ. ಒಲೆಯ ಮೇಲೆ ಪಾಕ ಕಾಯಿಸುವ ತೊಂದರೆ ಇದಕ್ಕಿಲ್ಲ. ಆದುದರಿಂದಲೇ ಅಲ್ಲಿ ಇದನ್ನು ಮನೆಯಲ್ಲಿ ಮಾಡುವವರು ಬಹಳ.

ಈಗ ಸಾಮಾನಿನ ವಿಚಾರ. ಅರ್ಧ ಕಿಲೋ ತುರ್ರೋನಿಗೆ ಕಪ್ಪು ಚಾಕೊಲೇಟ್ 200 ಗ್ರಾಂ, ಹಾಲಿನ ಚಾಕೊಲೇಟ್ 200 ಗ್ರಾಂ, ತುಪ್ಪ 40 ಗ್ರಾಂ, ಉಪ್ಪು ಹಾಕದ ಮಂಡಕ್ಕಿ 60 ಗ್ರಾಂ ಬೇಕು. ಸ್ಪೇನಿನ ಮನೆಗಳಲ್ಲಿ ತುಪ್ಪದ ಜಾಗದಲ್ಲಿ ಹಂದಿಯ ಕೊಬ್ಬು ಹಾಕುವ ವಾಡಿಕೆಯುಂಟು. ಬೇಡವಾದವರು ಕೋಕೋ ಬೆಣ್ಣೆ ಹಾಕಬಹುದು. ನಮ್ಮ ಮನೆಗಳಿಗೆ ತುಪ್ಪವೇ ಅನುಕೂಲ. ಹಸಿ ಬೆಣ್ಣೆ ಮಾತ್ರ ಬೇಡ. ಬೆಣ್ಣೆಯಲ್ಲಿ ನೀರಿನ ಅಂಶವಿದೆ, ತುಪ್ಪದಲ್ಲಿ ಅದು ಕಾಯಿಸುವಾಗಲೇ ಆರಿಹೋಗಿರುತ್ತದೆ. ನೀರು ಏಕೆ ಬೇಡವೆಂಬುದನ್ನು ಮುಂದೆ ಹೇಳುತ್ತೇನೆ.

ಚಾಕೊಲೇಟ್ ಕೊಳ್ಳುವಾಗ ಕಾಗದದ ಹಿಂದೆ ಬರೆದಿರುವುದನ್ನು ಓದಿರಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಕೋಕೋ ಬೆಣ್ಣೆ ಎಂದು ಬರೆದಿದ್ದರೆ ಅದು ಚಾಕೊಲೇಟ್. ಅದಿಲ್ಲದೆ ಬೇರೆ ಸಸ್ಯ ಕೊಬ್ಬಿನ ಹೆಸರಿದ್ದರೆ ಅದು ಪೇಟೆಯವರು ಕಾಂಪೌಂಡ್ ಎನ್ನುವ ಸರಕು. ಅದು ಅಗ್ಗ, ಸೆಕೆಗೆ ಬೇಗ ಕರಗದು. ಆದರೆ ಬಾಯಿಯಲ್ಲಿಯೂ ಬೇಗ ಕರಗದು. ಕೋಕೋ ಬೀಜದಲ್ಲಿ ಅರ್ಧದಷ್ಟು ಇರುವುದು ಕೊಬ್ಬೇ. ಆ ಕೊಬ್ಬಿನ ಜಾಗಕ್ಕೆ ಬೇರೆ ಎಣ್ಣೆ ಬಂದಷ್ಟೂ ನಮ್ಮ ಬೀಜದ ಗಿರಾಕಿ ಕಡಿಮೆಯಾಗುತ್ತಾನೆ. ಕೋಕೋ ಬೆಳೆಯುವವನೇ ಇದನ್ನು ನೋಡದೆ ಕೊಂಡರೆ ಬೇರೆಯವರು ನೋಡುವರೇ?

ಇನ್ನು ಮಾಡುವ ಕ್ರಮ.

ಮೊದಲನೆಯದು: ಮಂಡಕ್ಕಿಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಬೆಚ್ಚಗೆ ಮಾಡಿ, ಗರಿಗರಿಯಾದ ಮೇಲೆ ಪೂರ್ತಿಯಾಗಿ ಆರಲು ಬಿಡಬೇಕು. ಮೆತ್ತಗಾದ ಮಂಡಕ್ಕಿಯಿಂದ ಮಾಡಿದರೆ ತುರ್ರೋನ್ ಚರ್ಮದಂತೆ ಜಗ್ಗುತ್ತದೆ.

ಎರಡನೆಯದು: ಒಂದು ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು ಕಾಯಿಸಿ ಉರಿ ಆರಿಸಿರಿ. ಅದರ ಮೇಲೆ ಇನ್ನೊಂದು ಒಣ ಪಾತ್ರೆ ಇಟ್ಟು, ಅದರಲ್ಲಿ ಚೂರು ಮಾಡಿದ ಕಪ್ಪು ಚಾಕೊಲೇಟ್ ಹಾಕಿರಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು. ಆವಿ ಹೊರಗೆ ಬಂದು ಒಳಗೆ ಬೀಳದಂತೆ ಅದು ಬಾಯಿಗೆ ಸರಿಯಾಗಿ ಕೂತಿರಬೇಕು. ಕಪ್ಪು ಚಾಕೊಲೇಟ್ ಅರ್ಧ ಕರಗಿದಾಗ ಹಾಲಿನ ಚಾಕೊಲೇಟ್ ಸೇರಿಸಿರಿ. ಹಾಲಿನದು ಬೇಗ ಸೀಯುತ್ತದೆ. ಹಾಗಾಗಿ ಅದು ಎರಡನೆಯ ಸರದಿ. ಮುಕ್ಕಾಲು ಪಾಲು ಕರಗಿದ ಕೂಡಲೆ ಪಾತ್ರೆ ಇಳಿಸಿ, ಒಣ ಚಮಚದಿಂದ ಕಲಕುತ್ತ ಹೋದರೆ ಉಳಿದ ಚೂರುಗಳು ಆ ಬಿಸಿಗೇ ಕರಗುತ್ತವೆ. ನೇರವಾಗಿ ಉರಿಯ ಮೇಲೆ ಇಡುವ ಆತುರ ಬೇಡ.

ಇಲ್ಲಿಯೇ ನೀರಿನ ಮಾತು. ಕರಗಿದ ಚಾಕೊಲೇಟ್ ಎಂದರೆ ಸಕ್ಕರೆ ಮತ್ತು ಕೋಕೋ ಪುಡಿಯ ಸಣ್ಣ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುವ ಸ್ಥಿತಿ. ಎರಡು ಹನಿ ನೀರು ಬಿದ್ದರೂ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ, ಇಡೀ ಮಿಶ್ರಣ ಮಣ್ಣಿನ ಹೆಂಟೆಯಂತೆ ಗಟ್ಟಿಯಾಗುತ್ತದೆ. ಆದುದರಿಂದ ಪಾತ್ರೆ, ಚಮಚ, ಕೈ ಎಲ್ಲವೂ ಒಣಗಿರಬೇಕು.

ಮೂರನೆಯದು: ಕರಗಿಸಿದ ತುಪ್ಪ ಬೆರೆಸಿ, ಮಿಶ್ರಣವನ್ನು ಬೆರಳಿಗೆ ಬಿಸಿ ಎನಿಸದಷ್ಟು ಆರಿಸಿರಿ. ತುಸು ದಪ್ಪಗಾದಾಗ ಮಂಡಕ್ಕಿ ಹಾಕಿ, ಪುಡಿಯಾಗದಂತೆ ಕೆಳಗಿನಿಂದ ಮೇಲಕ್ಕೆ ಮಗುಚಿರಿ. ಬೇಕಾದವರು ಮಂಡಕ್ಕಿಯ ಒಂದು ಪಾಲಿಗೆ ಬದಲು ಹುರಿದ ಬಾದಾಮಿಯನ್ನೋ ಶೇಂಗಾವನ್ನೋ ಹಾಕಬಹುದು.

ನಾಲ್ಕನೆಯದು: ಸ್ಪೇನಿನಲ್ಲಿ ಹಾಲು ಬರುವ ರಟ್ಟಿನ ಪೆಟ್ಟಿಗೆಯನ್ನು ತೊಳೆದು, ಉದ್ದಕ್ಕೆ ಕತ್ತರಿಸಿ, ಅದನ್ನೇ ಅಚ್ಚು ಮಾಡಿಕೊಳ್ಳುವವರುಂಟು. ನಮ್ಮಲ್ಲಿ ಉದ್ದನೆಯ ಸ್ಟೀಲ್ ಡಬ್ಬಿಯ ಒಳಗೆ ಬೆಣ್ಣೆ ಕಾಗದ ಹಾಸಿದರೆ ಸಾಕು. ಎರಡು ಸೆಂಟಿಮೀಟರ್ ದಪ್ಪಕ್ಕೆ ಸುರಿದು, ಡಬ್ಬಿಯನ್ನು ಮೆಲ್ಲನೆ ಕುಟ್ಟಿ ಗಾಳಿಗುಳ್ಳೆ ಬಿಡಿಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಬೇಕು. ಮರುದಿನ ಕಾಗದ ಹಿಡಿದು ಎತ್ತಿ, ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಒರೆಸಿಕೊಂಡು ಕೊಯ್ದರೆ ಪುಡಿಯಾಗದೆ ಬಿಲ್ಲೆಗಳು ಬರುತ್ತವೆ.

ಇಟ್ಟ ಮೇಲೆ ಮೇಲ್ಭಾಗ ಕೆಲವೊಮ್ಮೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಹೆಚ್ಚಾಗಿ ಬೂಷ್ಟು ಅಲ್ಲ. ಸೆಕೆಗೆ ಕರಗಿದ ಕೊಬ್ಬು ಮೇಲೆ ಬಂದು ಮತ್ತೆ ಹೆಪ್ಪುಗಟ್ಟಿದ ಗುರುತು. ತಿಂದರೆ ಕೆಡುಕಿಲ್ಲ, ನೋಟ ಮಾತ್ರ ಕೆಡುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿಬಿಡುತ್ತದೆ. ತುಪ್ಪ ಬೆರೆತರೆ ಇನ್ನೂ ಬೇಗ. ಸ್ಪೇನಿನವರು ಇದನ್ನು ಚಳಿಗಾಲದಲ್ಲಿ ಮಾಡುತ್ತಾರೆಂಬುದನ್ನು ಮರೆಯಬಾರದು. ನಮ್ಮಲ್ಲಿಯೂ ಡಿಸೆಂಬರ್, ಜನವರಿ ತಿಂಗಳುಗಳೇ ಇದಕ್ಕೆ ತಕ್ಕ ಕಾಲ. ಗಾಳಿ ಆಡದ ಡಬ್ಬಿಯಲ್ಲಿ ತಣ್ಣಗಿಟ್ಟು ಎರಡು ವಾರದೊಳಗೆ ತಿಂದು ಮುಗಿಸುವುದು ಒಳ್ಳೆಯದು. ಅಂಬೆಗಾಲಿಡುವ ಮಕ್ಕಳಿಗೆ ಇಡೀ ಬಾದಾಮಿ, ಶೇಂಗಾ ಕೊಡಬೇಡಿರಿ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಂಟು. ಮನೆಯ ನಾಯಿಗೆ ಚೂರನ್ನೂ ಹಾಕಬಾರದು. ಕೋಕೋದಲ್ಲಿರುವ ಥಿಯೋಬ್ರೊಮಿನ್ ಎಂಬ ವಸ್ತು ನಾಯಿಗೆ ವಿಷ.

ನಮ್ಮ ಬೀಜದಿಂದಲೇ ಮನೆಯಲ್ಲಿ ಚಾಕೊಲೇಟ್ ಮಾಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಹಸಿ ಬೀಜವನ್ನು ರಾಶಿ ಹಾಕಿ ಬಾಳೆ ಎಲೆ ಮುಚ್ಚಿ, ನಡುನಡುವೆ ತಿರುವುತ್ತ ಐದಾರು ದಿನ ಹುಳಿ ಬರಿಸಬೇಕು. ಚಾಕೊಲೇಟಿನ ಪರಿಮಳದ ಬುನಾದಿ ಬೀಳುವುದು ಆಗಲೇ. ಬಳಿಕ ಒಣಗಿಸಿ, ಹುರಿದು, ಸಿಪ್ಪೆ ತೆಗೆದು, ಕಣ ನಾಲಿಗೆಗೆ ತಾಗದಷ್ಟು ನುಣ್ಣಗೆ ಅರೆಯಬೇಕು. ಇಡ್ಲಿ ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರನ್ನೇ ತುಸು ಬದಲಾಯಿಸಿ ಸಣ್ಣ ತಯಾರಕರು ಬಳಸುತ್ತಾರೆ. ಆದರೂ ಒಂದೆರಡು ದಿನ ಎಡೆಬಿಡದೆ ಅದು ತಿರುಗಬೇಕು. ಒಂದು ಮನೆಗೆ ಇದು ಭಾರ. ಹತ್ತು ಮನೆ ಸೇರಿದರೆ ಸಾಧ್ಯ. 1973ರಲ್ಲಿ ಆರಂಭವಾದ ಕ್ಯಾಂಪ್ಕೋ ಸಹಕಾರ ಸಂಸ್ಥೆ, ಕೋಕೋ ಕೊಳ್ಳುವವರಿಲ್ಲದೆ ರೈತರು ಕಷ್ಟದಲ್ಲಿದ್ದ ಕಾಲದಲ್ಲಿ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರು ಕೂಡಿದರೆ ಬೀಜದಿಂದ ಚಾಕೊಲೇಟಿನವರೆಗೆ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಯದಾಗಿ ಮಾರಾಟದ ಮಾತು. ಮೊದಲು ಮನೆಯವರಿಗೆ ಮಾಡಿ ಕೈ ಪಳಗಿಸಿಕೊಳ್ಳಿರಿ. ಆಮೇಲೆ ಮಹಿಳಾ ಮಂಡಲದವರು ಸೇರಿ ಹಬ್ಬದ ಕಾಲಕ್ಕೆ ಮಾರಬೇಕೆಂದರೆ, ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ಮುಂಚಿತವಾಗಿ ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನ, ಒಳಗಿರುವ ಸಾಮಾನು ಇಷ್ಟನ್ನೂ ನಿಜವಾಗಿ ಬರೆಯಬೇಕು. ಹಿಹೋನಾ, ಅಲಿಕಾಂತೆ ಎಂಬ ಊರುಗಳ ಹೆಸರು ಹಾಕಬಾರದು. ಅದು ಅಲ್ಲಿಯವರ ಸ್ವತ್ತು. ನಮ್ಮ ಊರಿನ ಹೆಸರೇ ಇರಲಿ. ಲೆಕ್ಕ ಬರೆಯುವಾಗ ಚಾಕೊಲೇಟ್, ತುಪ್ಪಗಳ ಜೊತೆಗೆ ಅಡಿಗೆ ಅನಿಲ, ಕಾಗದ, ಒಡೆದು ಹಾಳಾದ ಚೂರು, ಇವೆಲ್ಲಕ್ಕೂ ಮಿಗಿಲಾಗಿ ನಿಮ್ಮ ಕೂಲಿಯನ್ನೂ ಬರೆಯಿರಿ. ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬಂದ ಲಾಭ ಲಾಭವಲ್ಲ. ಎಲ್ಲ ಕೂಡಿಸಿದ ಮೇಲೂ ಉಳಿತಾಯ ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಮನೆಯ ಹಬ್ಬಕ್ಕೆ ಮಾಡಿ ತಿನ್ನಿರಿ, ಅದರಲ್ಲಿ ನಷ್ಟವೇನೂ ಇಲ್ಲ.

ಬರುವ ಚಳಿಗಾಲದಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಒಮ್ಮೆ ಮಾಡಿ ನೋಡಬೇಕೆಂದೂ, ಚಾಕೊಲೇಟ್ ಕೊಳ್ಳುವಾಗ ಕಾಗದ ತಿರುಗಿಸಿ ಓದುವ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸಬೇಕೆಂದೂ ಕೋರುತ್ತೇನೆ.