ಸಿಹಿನೀರು ತೆಗೆದ ಮೇಲೆ ಉಪ್ಪು ಎಲ್ಲಿ ಹೋಯಿತು?



ಮೊನ್ನೆ ಹೂಟಗಳ್ಳಿಯಲ್ಲಿ, ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ತಡೆದು ಕೇಳಿದರು: "ಅಲ್ಲ ಕಣಪ್ಪ, ಸಮುದ್ರದ ನೀರ್ನೂವೆ ಹಿಂಗೇ ಸೋಸಿ ಸಿಹಿ ಮಾಡ್ತಾರಂತಲ್ಲ, ಆ ಉಪ್ಪೆಲ್ಲ ಎಲ್ಲಿಗೋಯ್ತದೆ?" ಹೂಟಗಳ್ಳಿ ಈಗ ಹಳ್ಳಿಯಲ್ಲ, ಸುತ್ತಲೂ ಕಾರ್ಖಾನೆಗಳು. ಆದರೂ ಇದು ಬೇಸಾಯ ಮಾಡಿದವರಿಗೇ ಹೊಳೆಯುವ ಪ್ರಶ್ನೆ. ಕಳೆ ಕಿತ್ತರೆ ಸಾಲದು, ಕಿತ್ತದ್ದನ್ನು ಎಲ್ಲಿ ಹಾಕಿದೆವು ಅನ್ನುವುದೂ ಉಂಟಲ್ಲ!

ಸಮುದ್ರದ ನೀರು ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನಾವು ಸಾರಿಗೆ ಹಾಕುವ ಉಪ್ಪು ಮುಕ್ಕಾಲು ಪಾಲಿಗೂ ಸ್ವಲ್ಪ ಹೆಚ್ಚು. ಈ ನೀರನ್ನು ಪಂಪಿನಿಂದ ಬಲವಾಗಿ ಒತ್ತಿ ತೆಳುವಾದ ಪೊರೆಯ ಮೂಲಕ ಹಾಯಿಸಿದರೆ ನೀರು ಆಚೆ ದಾಟುತ್ತದೆ, ಉಪ್ಪು ಈಚೆ ನಿಲ್ಲುತ್ತದೆ. 100 ಲೀಟರು ಬಿಟ್ಟರೆ 40 ಲೀಟರು ಸಿಹಿನೀರು ಬಂತು ಅನ್ನಿ. ಆ ಮೂರೂವರೆ ಕೆ.ಜಿ. ಲವಣ ಎಲ್ಲಿಯೂ ಹೋಗಿಲ್ಲ, ಉಳಿದ 60 ಲೀಟರಿನಲ್ಲೇ ಇದೆ.

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ, ಗೋಕರ್ಣದ ಹತ್ತಿರ, ಉಪ್ಪಿನ ಆಗರಗಳಿವೆ. ನೋಡಲು ನಮ್ಮ ಗದ್ದೆಯಂತೆಯೇ ಬದು ಕಟ್ಟಿದ ಮಡಿಗಳು. ಉಬ್ಬರದ ನೀರನ್ನು ಒಳಕ್ಕೆ ಬಿಟ್ಟು ಬಿಸಿಲಿಗೆ ಬತ್ತಿಸುತ್ತಾರೆ. ನೀರು ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ಉಪ್ಪು ಹರಳುಗಟ್ಟತೊಡಗುತ್ತದೆ. ಅಂದರೆ 100 ಲೀಟರಿನಲ್ಲಿ 90 ಲೀಟರು ಆವಿಯಾಗಬೇಕು. ಅಷ್ಟೂ ಸಿಹಿನೀರು ಆಕಾಶದ ಪಾಲಾಯಿತು. ಅದರಲ್ಲಿ 40 ಲೀಟರನ್ನು ಮೊದಲೇ ಯಂತ್ರದಿಂದ ತೆಗೆದುಕೊಂಡರೆ, ಬಿಸಿಲು 50 ಲೀಟರು ಬತ್ತಿಸಿದರೆ ಸಾಕು. ಕೊಡಕ್ಕೂ ನೀರು, ಆಗರಕ್ಕೂ ಗಟ್ಟಿನೀರು. ಜಪಾನಿನಲ್ಲಿ 1972ರಿಂದ ಬೇರೆ ಬಗೆಯ ಪೊರೆಗಳನ್ನೂ ವಿದ್ಯುತ್ತನ್ನೂ ಬಳಸಿ ನೀರನ್ನು ಮೊದಲು ಗಟ್ಟಿ ಮಾಡಿಕೊಂಡೇ ಉಪ್ಪು ತೆಗೆಯುತ್ತಾರೆ.

ಹಾಗಾದರೆ ಎಲ್ಲ ಕಡೆ ಯಾಕೆ ಮಾಡೋದಿಲ್ಲ ಅಂತೀರಾ? ಮಂಗಳೂರಿನ ಬಳಿ ತಣ್ಣೀರುಬಾವಿಯಲ್ಲಿ ಎಂ.ಆರ್.ಪಿ.ಎಲ್. ತೈಲ ಕಾರ್ಖಾನೆಯವರು ದಿನಕ್ಕೆ 3 ಕೋಟಿ ಲೀಟರು ಸಿಹಿನೀರು ಕೊಡಬಲ್ಲ ಘಟಕ ಕಟ್ಟಿದ್ದಾರೆ. ಅಷ್ಟು ದೊಡ್ಡ ಘಟಕದಿಂದ, ಮೇಲಿನ ಲೆಕ್ಕದಲ್ಲೇ, ದಿನವೊಂದಕ್ಕೆ ಎರಡೂವರೆ ಸಾವಿರ ಟನ್ನಿಗೂ ಮಿಕ್ಕಿ ಲವಣ ಹೊರಬಿದ್ದೀತು. ಅದನ್ನು ಬತ್ತಿಸಲು ಎಷ್ಟು ಎಕರೆ ಬೇಕು! ಜೂನ್ ಬಂತೆಂದರೆ ಕರಾವಳಿಯಲ್ಲಿ ಆಗರದ ಕೆಲಸ ನಿಲ್ಲುತ್ತದೆ, ಯಂತ್ರ ಮಾತ್ರ ಓಡಬೇಕು. ಪೊರೆ ಕಟ್ಟಿಕೊಳ್ಳದಂತೆ ಹಾಕುವ ಔಷಧಿಯೂ ಆ ನೀರಿನಲ್ಲಿರುತ್ತದೆ. ಹೀಗಾಗಿ ಇಂಥ ಘಟಕಗಳವರು ಸಾಮಾನ್ಯವಾಗಿ ಗಟ್ಟಿನೀರನ್ನು ಸಮುದ್ರಕ್ಕೇ ಬಿಡುತ್ತಾರೆ. ಆಗರವಿರುವ ಊರಲ್ಲಿ, ಬೇಸಗೆಯಲ್ಲಿ, ಸಣ್ಣ ಪ್ರಮಾಣದಲ್ಲಿ ಈ ಜೋಡಿ ಕೆಲಸ ಲಾಭವೇ ಎಂದು ನನ್ನ ಅಭಿಪ್ರಾಯ. ಆ ಸಿಹಿನೀರನ್ನು ಮೈಸೂರಿಗೆ ತರೋಣ ಅನ್ನುವವರು ಘಾಟಿ ಹತ್ತಿಸುವ ಕರೆಂಟಿನ ಖರ್ಚನ್ನೂ ಲೆಕ್ಕ ಹಾಕಿ.

ಇನ್ನು ನಮ್ಮ ಮನೆಯ ವಿಚಾರ. ಊರಿನ ಘಟಕ ಒಂದು ಕೊಡ ಒಳ್ಳೆಯ ನೀರು ಕೊಟ್ಟು ಒಂದು ಕೊಡ ಹೊರಕ್ಕೆ ಬಿಟ್ಟಿತೆನ್ನಿ, ಬಿಟ್ಟ ಕೊಡದಲ್ಲಿ ಕೊಳವೆ ಬಾವಿಯ ಲವಣ ಹೆಚ್ಚು ಕಡಿಮೆ ಎರಡರಷ್ಟು. ಇದನ್ನು ಬತ್ತಿಸಿ ಅಡಿಗೆಗೆ ಉಪ್ಪು ಮಾಡುವ ಆಸೆ ಬೇಡ. ನಮ್ಮ ಅಂತರ್ಜಲದಲ್ಲಿ ಸುಣ್ಣ ಹೆಚ್ಚು, ಕೆಲವು ಕಡೆ ಫ್ಲೋರೈಡು, ನೈಟ್ರೇಟು ಕೂಡ ಇರುತ್ತವೆ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಒಂದು ಊರಲ್ಲಿ ಈ ನೀರು ಚರಂಡಿಗೆ ಹೋಗುವುದನ್ನು ಕಂಡು ಹೊಟ್ಟೆ ಉರಿದು, ಪಕ್ಕದ ಹಿತ್ತಲಿನವರಿಗೆ "ಹುರುಳಿಕಾಯಿ ಪಾತಿಗೆ ತಿರುಗಿಸ್ಕೊಳ್ಳಿ" ಅಂದೆ. ಬೇಸಗೆ ಕಳೆಯುವುದರೊಳಗೆ ಎಲೆಯ ಅಂಚು ಸುಟ್ಟಂತಾಯಿತು, ಪಾತಿಯ ಮೇಲೆ ಬೆಳ್ಳಗೆ ಉಪ್ಪೆದ್ದಿತು. "ನೀವ್ ಹೇಳಿದ್ರಿ ಅಂತ ಬಿಟ್ಟೆ ಸಾಮಿ" ಅಂದರು ಆ ಮನೆಯ ತಾಯಿ. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಈ ನೀರು ಕಕ್ಕಸಿಗೆ, ನೆಲ ಒರೆಸಲು, ಗಾಡಿ ತೊಳೆಯಲು ಇರಲಿ. ಕೊಳವೆ ಬಾವಿಯ ಪಕ್ಕದ ಇಂಗುಗುಂಡಿಗೆ ಮಾತ್ರ ಬಿಡಬೇಡಿ, ಸೋಸಿ ತೆಗೆದ ಉಪ್ಪನ್ನು ಮತ್ತೆ ಬಾವಿಗೇ ಹಾಕಿದ ಹಾಗಾಗುತ್ತದೆ. ಗಿಡಕ್ಕೆ ಹಾಕಲೇಬೇಕೆಂದಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಇ.ಸಿ. ಎಂಬ ಅಂಕಿ 0.75 ಡೆಸಿಸೀಮೆನ್ಸ್ ಒಳಗಿದ್ದರೆ ಹೆದರಿಕೆಯಿಲ್ಲ, 2.25 ದಾಟಿದರೆ ತರಕಾರಿಗೆ ಬೇಡವೇ ಬೇಡ. ತೆಂಗು ಒಂದಷ್ಟು ತಡೆಯುತ್ತದೆ, ಹುರುಳಿಕಾಯಿ ತಡೆಯದು. ತೆಂಗಿಗಾದರೂ ದಿನವೂ ಒಂದೇ ಬುಡಕ್ಕೆ ಸುರಿಯಬೇಡಿ.

ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು, ತುಂಬಿಸಿ, ಹೆಸರು, ಊರು, ಸರ್ವೆ ನಂಬರು ಬರೆದ ಚೀಟಿ ಅಂಟಿಸಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ಅಲ್ಲಿ ತಿಳಿಸುತ್ತಾರೆ.