ಒಣಗಿಸಿದ ಅಂತರಗಂಗೆ ಮತ್ತು ಬಣ್ಣದ ನೀರಿನ ಶುದ್ಧೀಕರಣ



ಕೆರೆಯಿಂದ ತೆಗೆದ ಅಂತರಗಂಗೆಯು ದಂಡೆಯ ಮೇಲೆಯೇ ಕೊಳೆತು, ಮಳೆ ಬಂದೊಡನೆ ಮರಳಿ ನೀರನ್ನು ಸೇರುವುದು ತಮಗೆಲ್ಲ ಪರಿಚಿತವಾದ ಸಂಗತಿ. ವಾಟರ್ ಹಯಸಿಂತ್ ಎಂದು ಕರೆಯಲಾಗುವ ಈ ಸಸ್ಯದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಕೊಳಚೆ ಸೇರುವ ಕೆರೆಗಳಲ್ಲಿ ಇದರ ಹರವು ಎರಡು ವಾರಗಳೊಳಗೆ ಇಮ್ಮಡಿಯಾಗಬಲ್ಲದು. ಇದನ್ನೇ ಒಣಗಿಸಿ ಪುಡಿಮಾಡಿದರೆ ನೀರಿನಲ್ಲಿರುವ ಬಣ್ಣವನ್ನು ತೆಗೆಯಬಹುದೆಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಯಾವ ಬಣ್ಣ ಎಂದು ಕೇಳದೆ ಈ ಕಾರ್ಯಕ್ಕೆ ಹಣ ತೊಡಗಿಸುವುದು ಸರಿಯಲ್ಲ.

ಈ ಪುಡಿಯ ಗುಣ ಅದರ ಮೇಲ್ಮೈಯಲ್ಲಿದೆ. ಸಸ್ಯದ ಕೋಶಭಿತ್ತಿಯಲ್ಲಿರುವ ಕೆಲವು ರಾಸಾಯನಿಕ ಗುಂಪುಗಳು ನೀರಿನಲ್ಲಿ ಋಣ ವಿದ್ಯುದಂಶವನ್ನು ಪಡೆಯುತ್ತವೆ. ಆದುದರಿಂದ ಧನ ವಿದ್ಯುದಂಶವುಳ್ಳ ಬೇಸಿಕ್ ವರ್ಗದ ಬಣ್ಣಗಳು, ಉದಾಹರಣೆಗೆ ಮೆಥಿಲೀನ್ ಬ್ಲೂ ಮತ್ತು ಮಲಕೈಟ್ ಗ್ರೀನ್, ಅದಕ್ಕೆ ಬೇಗನೆ ಅಂಟಿಕೊಳ್ಳುತ್ತವೆ. ಯಶಸ್ಸಿನ ವರದಿಗಳಲ್ಲಿ ಮೆಥಿಲೀನ್ ಬ್ಲೂ ಹೆಸರು ಪದೇ ಪದೇ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ.

ಇಳಕಲ್, ರಬಕವಿ-ಬನಹಟ್ಟಿಗಳಂತಹ ನೇಕಾರಿಕೆಯ ಊರುಗಳ ಸ್ಥಿತಿ ಬೇರೆ. ಅಲ್ಲಿ ಬಣ್ಣಕ್ಕೆ ಇಳಿಯುವುದು ಹೆಚ್ಚಾಗಿ ಹತ್ತಿ ಮತ್ತು ರೇಷ್ಮೆಯ ನೂಲು. ಇಂದು ಹತ್ತಿಗೆ ರಿಯಾಕ್ಟಿವ್ ಬಣ್ಣ, ರೇಷ್ಮೆಗೆ ಆಸಿಡ್ ಬಣ್ಣ ವ್ಯಾಪಕವಾಗಿ ಬಳಕೆಯಲ್ಲಿವೆ. ಎರಡೂ ಋಣ ವಿದ್ಯುದಂಶವುಳ್ಳವು. ಋಣವು ಋಣವನ್ನು ದೂರ ತಳ್ಳುತ್ತದೆ. ಇಂತಹ ನೀರಿನ ಪಿಎಚ್ ಅನ್ನು ಆಮ್ಲ ಬೆರೆಸಿ 2 ಅಥವಾ 3ಕ್ಕೆ ಇಳಿಸಿದಾಗ, ಇಲ್ಲವೆ ಪುಡಿಯನ್ನು ರಾಸಾಯನಿಕವಾಗಿ ಮಾರ್ಪಡಿಸಿದಾಗ ಮಾತ್ರ ಫಲ ಸುಧಾರಿಸುತ್ತದೆ. ಹತ್ತಿಯ ಕಡಾಯಿಯಿಂದ ಹೊರಬರುವ ನೀರಾದರೋ ಸೋಡಾ ಬೆರೆತು ಕ್ಷಾರಮಯವಾಗಿರುತ್ತದೆ, ಜೊತೆಗೆ ಉಪ್ಪೂ ಹೇರಳ. ಬಣ್ಣ ಹೋದರೂ ಆ ಉಪ್ಪು ನೀರಿನಲ್ಲಿಯೇ ಉಳಿಯುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಹೊಲಕ್ಕೆ ಹಾಯಿಸುವ ಅಪಾಯ ಇರುವುದು ಇಲ್ಲಿಯೇ.

ಖರ್ಚಿನ ಮಾತೂ ಇದೆ. ಹಸಿ ಅಂತರಗಂಗೆಯಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ನೀರು. 100 ಕಿಲೋ ಎತ್ತಿದರೆ ಕೈಗೆ ಬರುವ ಒಣ ಪದಾರ್ಥ 10 ಕಿಲೋಗೂ ಕಡಿಮೆ. ಕಳೆ ಪುಕ್ಕಟೆ ಸಿಗಬಹುದು, ಕೂಲಿ ಪುಕ್ಕಟೆಯಲ್ಲ. ಪುಡಿಯನ್ನು ಚೆನ್ನಾಗಿ ತೊಳೆಯದಿದ್ದರೆ ಅದೇ ನೀರಿಗೆ ಕಂದು ಬಣ್ಣ ಬಿಡುತ್ತದೆ.

ಯಂತ್ರ ಖರೀದಿಗೆ ಮುನ್ನ ಒಂದು ಸರಳ ಪರೀಕ್ಷೆ ಸಾಕು. ಬಣ್ಣದ ಡಬ್ಬಿಯ ಮೇಲಿನ ವರ್ಗವನ್ನು ಓದಿಕೊಳ್ಳಬೇಕು. ಎರಡು ಗಾಜಿನ ಲೋಟಗಳಲ್ಲಿ ಅದೇ ಕಡಾಯಿಯ 100 ಮಿಲಿಲೀಟರ್ ನೀರು ತೆಗೆದುಕೊಂಡು, ಒಂದಕ್ಕೆ ಮಾತ್ರ 1 ಗ್ರಾಂ ಪುಡಿ ಹಾಕಿ, ಒಂದು ಗಂಟೆ ಕಲಕುತ್ತಿದ್ದು, ಸೋಸಿ, ಬಿಳಿ ಕಾಗದದ ಮುಂದೆ ಹೋಲಿಸಬೇಕು. ಇಲ್ಲಿ ವ್ಯತ್ಯಾಸ ಕಾಣದಿದ್ದರೆ ತೊಟ್ಟಿ ಕಟ್ಟುವ ಪ್ರಶ್ನೆಯೇ ಇಲ್ಲ. ವ್ಯತ್ಯಾಸ ಕಂಡರೂ ನೀರನ್ನು ಹೊರಬಿಡಲು ಅದು ಅನುಮತಿಯಾಗದು. 1974ರ ಜಲ ಕಾಯ್ದೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಬೇಕು.

ಬಣ್ಣ ಹಿಡಿದ ಪುಡಿಯ ವಿಲೇವಾರಿಯನ್ನು ಹೆಚ್ಚಿನವರು ಕೊನೆಗೆ ಯೋಚಿಸುತ್ತಾರೆ. ಅದು ಮೊದಲು ತೀರ್ಮಾನವಾಗಬೇಕಾದ ವಿಷಯ. ನೀರಿನಲ್ಲಿದ್ದ ಬಣ್ಣ ನಾಶವಾಗಿಲ್ಲ, ಪುಡಿಗೆ ವರ್ಗಾವಣೆಯಾಗಿದೆ ಅಷ್ಟೆ. ಕೊಳಚೆ ಕೆರೆಯ ಸಸ್ಯವಾದರೆ ಬೇರಿನಲ್ಲಿ ಭಾರಲೋಹಗಳೂ ಸೇರಿರಬಹುದು. ಆದ್ದರಿಂದ ಇದನ್ನು ತಿಪ್ಪೆಗೆ, ಎರೆಗೊಬ್ಬರದ ತೊಟ್ಟಿಗೆ ಅಥವಾ ಒಲೆಗೆ ಹಾಕಬಾರದು. ಪಂಚಾಯಿತಿಯ ಠರಾವಿನಲ್ಲಿ ಪುಡಿ ತಯಾರಿಸುವ ಸ್ಥಳದೊಂದಿಗೆ, ಬಳಸಿದ ಪುಡಿಯನ್ನು ಮಳೆ ತಾಗದಂತೆ ಇರಿಸುವ ಸ್ಥಳ ಮತ್ತು ಅದನ್ನು ಒಯ್ಯುವ ಅಧಿಕೃತ ಸಂಸ್ಥೆಯ ಹೆಸರೂ ನಮೂದಾಗಿರಬೇಕು.