ಆಯ್ಕೆ ನಮ್ಮದು, ಹಣ ಯಾರದು?

(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ಕೆಲಸದ ವೇಳೆ, ಇವು ನಮ್ಮ ಸಭೆಗಳಲ್ಲಿ ಸದಾ ಬರುವ ಮಾತುಗಳು. ಇಂದು ನಾವು ಎತ್ತಿಕೊಂಡಿರುವುದು ಮಕ್ಕಳ ಶಾಲೆಯ ಮಾತು. ವಿಚಾರ ಮಾಡಿದರೆ ಇದೂ ಸಂಬಳದ ಪ್ರಶ್ನೆಯೇ. ಜೂನ್ ತಿಂಗಳು ಬಂತೆಂದರೆ ಸಪ್ಲಾಯರನ ಸಂಬಳವೂ ಗಿರಣಿಯವನ ಸಂಬಳವೂ ಶಾಲೆಯ ಕಛೇರಿಯ ಕಿಟಕಿಯಲ್ಲಿಯೇ ಕರಗಿಹೋಗುತ್ತವೆ.

ಈ ನಗರದಲ್ಲಿ ಒಳ್ಳೆಯ ಶಾಲೆ ಯಾವುದೆಂದು ಕೇಳಿದರೆ, ಹಿಂದು ಮುಸಲ್ಮಾನರೆನ್ನದೆ ಅನೇಕರು ಕ್ಯಾಥೊಲಿಕ್ ಶಾಲೆಗಳತ್ತ ಕೈ ತೋರಿಸುತ್ತಾರೆ. ಗನ್‌ಫೌಂಡ್ರಿಯ ಆಲ್ ಸೇಂಟ್ಸ್ ಶಾಲೆ 1855ರದು. ರೋಸರಿ ಕಾನ್ವೆಂಟ್ 1904ರದು. ನಿಜಾಮರ ಕಾಲವನ್ನು ಕಂಡು, ಆಂಧ್ರ ಪ್ರದೇಶವನ್ನು ಕಂಡು, 2014ರಿಂದ ತೆಲಂಗಾಣವನ್ನೂ ಕಾಣುತ್ತಿರುವ ಸಂಸ್ಥೆಗಳಿವು. ಶಿಸ್ತು ಇದೆ, ಇಂಗ್ಲಿಷ್ ಇದೆ, ಎಲ್ಲ ಮತದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಆದರೆ ಇಂಥ ಶಾಲೆಗಳ ಹೆಸರು ಕೇಳಿ ಹೋಗುವ ಕೂಲಿಯವನು ಬಹುಮಟ್ಟಿಗೆ ಫೀಸಿನ ಪಟ್ಟಿಯನ್ನು ನೋಡಿ ಹಿಂದಿರುಗುತ್ತಾನೆ. ಅವನಿಗೆ ಆಯ್ಕೆ ಇದೆ ಎನ್ನುವುದು, ಜೇಬಿನಲ್ಲಿ ಕಾಸಿಲ್ಲದವನಿಗೆ ಹೋಟೆಲಿನ ತಿಂಡಿಯ ಬೋರ್ಡನ್ನು ಓದಿ ಹೇಳಿದಂತೆ.

ಉಡುಪಿ, ಮಂಗಳೂರು ಕಡೆಯಿಂದ ಬಂದ ನಮ್ಮ ಹೋಟೆಲಿನವರಿಗೆ ಇನ್ನೊಂದು ಬಗೆಯ ಕ್ಯಾಥೊಲಿಕ್ ಶಾಲೆ ಗೊತ್ತು. ಅದು ಊರಿನ ಇಗರ್ಜಿಯ ಮಗ್ಗುಲಿನ ಕನ್ನಡ ಶಾಲೆ. ಕಟ್ಟಡ ಇಗರ್ಜಿಯದು, ಮಾಸ್ತರರ ಸಂಬಳ ಸರಕಾರದ್ದು. ಗೇಣಿದಾರನ ಮಗ, ಬೀಡಿ ಕಟ್ಟುವವಳ ಮಗಳು, ಮೀನುಗಾರರ ಮಕ್ಕಳು ಅಲ್ಲಿ ಅಕ್ಷರ ಕಲಿತರು. ಇದನ್ನೇ ಅನುದಾನದ ಪದ್ಧತಿ ಎನ್ನುತ್ತಾರೆ. 1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣದ ಆದೇಶದಿಂದ ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿತು. ಶಾಲೆಯನ್ನು ಯಾರೇ ನಡೆಸಲಿ, ಓದುವ ಮಗು ಪ್ರಜೆಯ ಮಗು, ಆದ್ದರಿಂದ ಖಜಾನೆಯ ಹಣ ಅದಕ್ಕೂ ಸಲ್ಲಬೇಕು ಎಂಬುದೇ ಇದರ ತಿರುಳು.

ಕ್ರೈಸ್ತರ ಶಾಲೆಯ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದ್ ನಗರದಲ್ಲಿ ಉಳಿದ ಕನ್ನಡಿಗರು ಅಂದಿನಿಂದ ಬೇರೊಂದು ಭಾಷೆಯ ರಾಜ್ಯದಲ್ಲಿ ಅಲ್ಪಸಂಖ್ಯಾತರಾದರು. ಸಂವಿಧಾನದ 30ನೆಯ ವಿಧಿ ತನಗೆ ಬೇಕಾದ ಶಾಲೆ ತೆರೆದು ನಡೆಸುವ ಹಕ್ಕನ್ನು ಮತದ ಅಲ್ಪಸಂಖ್ಯಾತರಿಗೆ ಮಾತ್ರವಲ್ಲ, ಭಾಷೆಯ ಅಲ್ಪಸಂಖ್ಯಾತರಿಗೂ ಕೊಟ್ಟಿದೆ. ಗನ್‌ಫೌಂಡ್ರಿಯ ಶಾಲೆಗೆ ಯಾವ ವಿಧಿ ಕೊಡೆಯೋ, ಕಾಚಿಗುಡದ ನಮ್ಮ ನೃಪತುಂಗ ಶಾಲೆಗೂ ಅದೇ ವಿಧಿ ಕೊಡೆ. ಅವರ ಕೊಡೆ ಹರಿದರೆ ನಾವೂ ನೆನೆಯುತ್ತೇವೆ.

ಈ ಹಕ್ಕಿನ ವಾದ ಈ ನಗರದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಖಾಸಗಿ ಶಾಲೆಗಳನ್ನು ಹತೋಟಿಯಲ್ಲಿಡುವ 1975ರ ಆಂಧ್ರದ ಕಾನೂನನ್ನು ಆಲ್ ಸೇಂಟ್ಸ್ ಶಾಲೆ ಪ್ರಶ್ನಿಸಿತು. 1980ರಲ್ಲಿ ತೀರ್ಪು ಬಂತು. ಶಿಕ್ಷಕರನ್ನು ತೆಗೆಯಲು ಅಧಿಕಾರಿಯ ಅಪ್ಪಣೆ ಮೊದಲೇ ಬೇಕೆಂಬ ಕಟ್ಟು ಅಲ್ಪಸಂಖ್ಯಾತರ ಶಾಲೆಗೆ ಸಲ್ಲದು ಎಂದಿತು ನ್ಯಾಯಾಲಯ. ಆದರೆ ಸಂಬಳವನ್ನು ಗೊತ್ತಾದ ದಿನ ಗೊತ್ತಾದ ರೀತಿಯಲ್ಲಿ ಕೊಡಬೇಕೆಂಬ ನಿಯಮವನ್ನು ಎತ್ತಿಹಿಡಿಯಿತು. ಕಾರ್ಮಿಕರಾದ ನಾವು ಈ ಎರಡನೆಯ ಭಾಗವನ್ನು ಮರೆಯಬಾರದು. ಶಾಲೆಯ ಸ್ವಾತಂತ್ರ್ಯವೆಂದರೆ ಮಾಸ್ತರರ ಹೊಟ್ಟೆಯ ಮೇಲೆ ಹೊಡೆಯುವ ಸ್ವಾತಂತ್ರ್ಯವಲ್ಲ.

ಹಕ್ಕೇನೋ ಉಳಿಯಿತು, ಹಣ ಮಾತ್ರ ಹಿಂದೆ ಸರಿಯುತ್ತಿದೆ. ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಶಾಲೆ ಎಂದು ಭೇದ ಮಾಡಬಾರದೆಂದು 30ನೆಯ ವಿಧಿಯೇ ಹೇಳುತ್ತದೆ. ಆದರೆ ಅನುದಾನವನ್ನು ಮೂಲಭೂತ ಹಕ್ಕೆಂದು ಯಾರೂ ಕೇಳುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಆಂಧ್ರ ಸರಕಾರ ಅನುದಾನಿತ ಶಾಲೆಗಳ ಶಿಕ್ಷಕರನ್ನು ತನ್ನ ಕಡೆ ಸೆಳೆದುಕೊಳ್ಳಹೊರಟಾಗ ವಿಶಾಖಪಟ್ಟಣದಲ್ಲಿ ತಾಯ್ತಂದೆಗಳು ಬೀದಿಗಿಳಿದರು. ಕಡೆಗೆ ನವೆಂಬರಿನಲ್ಲಿ ಸರಕಾರವು, ಒಪ್ಪಿಕೊಟ್ಟ ಶಾಲೆಗಳು ತಮ್ಮ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು ಹೇಳಬೇಕಾಯಿತು. ಬೀದಿಗಿಳಿದವರು ಪಂಡಿತರಲ್ಲ, ನಮ್ಮಂಥವರೇ.

ಇನ್ನೊಂದು ದಾರಿಯೂ ಇದೆ. ಹಣವನ್ನು ಶಾಲೆಗೆ ಕೊಡದೆ, ಮಗುವಿನ ಹಿಂದೆ ಕಳುಹಿಸುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಯ ಆರಂಭದ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಇಟ್ಟು, ಅವರ ವೆಚ್ಚವನ್ನು ಸರಕಾರ ತುಂಬಬೇಕೆಂದು ಹೇಳುತ್ತದೆ. ಆದರೆ 2014ರ ತೀರ್ಪಿನಂತೆ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆಯೇ ಅನ್ವಯಿಸುವುದಿಲ್ಲ. ಆ ತೀರ್ಪು ಸರಿಯೇ ಎಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಸಂಶಯ ಪಟ್ಟು, ದೊಡ್ಡ ಪೀಠ ವಿಚಾರ ಮಾಡಲೆಂದಿದ್ದಾರೆ. ಇನ್ನು ತೆಲಂಗಾಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳ ಫೀಸನ್ನು ಸರಕಾರವೇ ಖಾಸಗಿ ಶಾಲೆಗೆ ಕಟ್ಟುವ ‘ಬೆಸ್ಟ್ ಅವೈಲಬಲ್ ಸ್ಕೂಲ್ಸ್’ ಎಂಬ ಯೋಜನೆ ಇದೆ. ಅದರ ಬಾಕಿ ಹಣಕ್ಕಾಗಿ 2025ರಲ್ಲಿ ಗದ್ದಲವೇ ಆಯಿತು. ಸರಕಾರ ತಡ ಮಾಡಿದರೆ ಬಾಗಿಲಲ್ಲಿ ನಿಲ್ಲುವುದು ಮಗು.

ಖಾಸಗಿ ಶಾಲೆಗೆ ಹೋದೊಡನೆ ಎಲ್ಲ ಮಕ್ಕಳೂ ಜಾಣರಾಗುತ್ತಾರೆಂದು ನಾವು ಹೇಳುವುದಿಲ್ಲ. ಆಂಧ್ರದ 180 ಹಳ್ಳಿಗಳಲ್ಲಿ 2008ರಿಂದ ನಾಲ್ಕು ವರ್ಷ ಒಂದು ಪರೀಕ್ಷೆ ನಡೆಯಿತು. ಚೀಟಿ ಎತ್ತಿ, ಗೆದ್ದ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕೊಟ್ಟರು. ಕೊನೆಗೆ ನೋಡಿದರೆ ತೆಲುಗಿನಲ್ಲಿ, ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಹಿಂದಿಯಲ್ಲಿ ಬಹಳ ಮುಂದಿದ್ದರು. ಆದರೆ ಒಂದು ಮಗುವಿಗೆ ಆ ಶಾಲೆಗಳಲ್ಲಿ ತಗಲಿದ ಖರ್ಚು ಸರಕಾರಿ ಶಾಲೆಯ ಮೂರರಲ್ಲೊಂದು ಪಾಲಿಗಿಂತಲೂ ಕಡಮೆ. ಆ ಅಗ್ಗದ ಹಿಂದೆ ಮಾಸ್ತರರ ಅಲ್ಪ ಸಂಬಳವೂ ಇತ್ತೆಂಬುದನ್ನು ನಾವೇ ನೆನಪಿಡಬೇಕು.

ಸರಕಾರಿ ಶಾಲೆಯ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದುದು. ಅದರ ಅನ್ನವನ್ನು ಕಿತ್ತು ಇನ್ನೊಂದಕ್ಕೆ ಬಡಿಸಿರೆಂದು ನಾವು ಕೇಳುವುದಿಲ್ಲ. ನಮ್ಮ ಬಹುಪಾಲು ಮಕ್ಕಳು ಅಲ್ಲಿಯೇ ಓದಬೇಕು, ಅದು ಗಟ್ಟಿಯಾಗಿಯೇ ಇರಬೇಕು. ಮತಬೋಧೆಯ ಭಯವಿರುವವರು 28ನೆಯ ವಿಧಿಯನ್ನು ನೋಡಲಿ. ಸರಕಾರ ಮನ್ನಿಸಿದ ಅಥವಾ ಹಣ ಕೊಟ್ಟ ಯಾವ ಶಾಲೆಯೂ ತಾಯ್ತಂದೆಯರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧೆಗೆ ಕೂರಿಸುವಂತಿಲ್ಲ. ಅಷ್ಟೇ ಅಲ್ಲ, ಸರಕಾರದ ಹಣ ಪಡೆದ ಶಾಲೆ ಮತ, ಜಾತಿ, ಭಾಷೆಯ ಕಾರಣವೊಂದರಿಂದಲೇ ಮಗುವಿಗೆ ಬಾಗಿಲು ಮುಚ್ಚಬಾರದೆಂದು 29ನೆಯ ವಿಧಿ ಹೇಳುತ್ತದೆ. ಅನುದಾನವು ಶಾಲೆಗೆ ಹಣ ತರುವಂತೆಯೇ ನಮಗೆ ಬಾಗಿಲನ್ನೂ ತೆರೆಯುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಬಡವರ ಮಕ್ಕಳಿಗೆ ಸ್ಥಾನ ಕೊಡುವ ಶಾಲೆಗೆ, ಅದು ಕ್ಯಾಥೊಲಿಕರದಾಗಲಿ ಕನ್ನಡಿಗರದಾಗಲಿ, ಸರಕಾರ ಹಣ ಕೊಡಲಿ, ಹೊತ್ತಿಗೆ ಸರಿಯಾಗಿ ಕೊಡಲಿ. ಹಣ ಪಡೆದ ಶಾಲೆ ಲೆಕ್ಕ ತೋರಿಸಲಿ, ಮಾಸ್ತರರಿಗೆ ನ್ಯಾಯವಾದ ಸಂಬಳ ಕೊಡಲಿ. ಕ್ಯಾಥೊಲಿಕ್ ಶಾಲೆಗಳನ್ನು ನಡೆಸುವ ಹಿರಿಯರಲ್ಲಿಯೂ ಒಂದು ಮನವಿ. ನ್ಯಾಯಾಲಯ ಹೇಳುವವರೆಗೆ ಕಾಯಬೇಡಿ. ಕಾರ್ಮಿಕರ ಮಕ್ಕಳಿಗೆ ಕೆಲವು ಬೆಂಚುಗಳನ್ನು ನೀವಾಗಿಯೇ ಬಿಡಿ. ಬಡವರಿಗಾಗಿ ಕಟ್ಟಿದ ಇಗರ್ಜಿ ಶಾಲೆಯ ಹೆಸರು ಆಗ ಈ ನಗರದಲ್ಲಿಯೂ ನಿಲ್ಲುತ್ತದೆ.

ಸಂಘದ ಸದಸ್ಯರು ಮಾಡಬೇಕಾದ ಕೆಲಸವೂ ಇದೆ. ನಿಮ್ಮ ನಿಮ್ಮ ಓಣಿಯಲ್ಲಿ ಶಾಲೆಗೆ ಸೇರಬೇಕಾದ ಮಕ್ಕಳೆಷ್ಟು, ತಾಯ್ತಂದೆ ಬಯಸುವ ಶಾಲೆ ಯಾವುದು, ಸಿಕ್ಕ ಶಾಲೆ ಯಾವುದು ಎಂದು ಬರೆದು ತನ್ನಿ. ಬೋನಸ್ಸಿನ ಬೇಡಿಕೆಯನ್ನು ಲೆಕ್ಕ ಹಿಡಿದು ಕೇಳುವಂತೆ ಇದನ್ನೂ ಲೆಕ್ಕ ಹಿಡಿದೇ ಕೇಳೋಣ.